ಸೊಕ್ಕಿನಾಕಿಯ ಮನೆ

ನಮ್ಮ ಮನೆಯಲ್ಲಿ ಜಗಳ ಹತ್ತಿಕೊಳ್ಳಲು ಹೊಲ, ಒಡವೆ ಅಂತ ದೊಡ್ಡ ಕಾರಣಗಳೇನೂ ಬೇಕಿರಲಿಲ್ಲ. ಒಂದು ತಂಬಿಗೆ ಸಾಕಾಗಿತ್ತು. ನೀರಿನ ಕೊಡದ ಬಲಕ್ಕಿರಬೇಕಾದ ತಂಬಿಗೆ ಎಡಕ್ಕೆ ಸರಿದಿದ್ದರೆ ಅವ್ವನ ದನಿ ಅಡುಗೆಮನೆಯಲ್ಲಿ ಎದ್ದು, ಪಡಸಾಲೆ ದಾಟಿ, ಬೀದಿಗೆ ಬಂದು ನಿಲ್ಲುತ್ತಿತ್ತು.

“ಯಾರ ಸರಿಸಿದ್ರಿ ತಂಬಿಗಿ? ಈ ಮನ್ಯಾಗ ಇಟ್ಟ ಸಾಮಾನ ಇಟ್ಟಲ್ಲಿ ಯಾಕ ಇರೂದಿಲ್ಲ?”

ಸರಿಸಿದವಳು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಅಪ್ಪನ ತಂಗಿ ಗಂಗತ್ತೆ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೆಳಗಾದರೆ ಕಸ, ಮುಸುರೆ, ಬೀಸುವ ಕಲ್ಲು, ಒಲೆ, ಎಲ್ಲದರ ಮುಂದೂ ಅವಳೇ. ಕೆಲಸದ ರಭಸದಲ್ಲಿ ಕೈಗೆ ಬಂದದ್ದನ್ನು ಕೈಗೆ ಬಂದಲ್ಲಿ ಇಟ್ಟುಬಿಡುತ್ತಿದ್ದಳು. ಅವ್ವ ಬೈದರೆ ಅವಳೂ ಸುಮ್ಮನಿರುವ ಪೈಕಿಯಲ್ಲ. ಬರಿಗೈಯನ್ನು ಸೊಂಟದ ಮೇಲಿಟ್ಟು, “ತಂಬಿಗಿ ಏನ ಊರ ಬಿಟ್ಟ ಹೋಗೈತೇನ ವೈನಿ? ಕಣ್ಣ ಮುಂದ ಐತಿ ನೋಡ” ಅನ್ನುತ್ತಿದ್ದಳು. ಆಗ ಅವ್ವನ ಮುಖ ಕೆಂಪಾಗುತ್ತಿತ್ತು. ನಡುವೆ ಆಯಿ, ಅಂದರೆ ಅಪ್ಪನ ತಾಯಿ, ಪಡಸಾಲೆಯ ಕಂಬಕ್ಕೊರಗಿ ಎಲೆಗೆ ಸುಣ್ಣ ಹಚ್ಚುತ್ತ, “ನೋಡ್ರಿ, ಗಂಡ ಸತ್ತಾಕಿನ್ನ ಹೆಂಗ ಉರಿಸ್ತಾಳ ಈಕಿ” ಅಂತ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಅಪ್ಪ ಟೋಪಿ ತಲೆಗಿಟ್ಟು ತನ್ನ ಬಟ್ಟೆ ಅಂಗಡಿಗೆ ಹೊರಟುಬಿಡುತ್ತಿದ್ದ. ಜಗಳ ಶುರುವಾದಾಗಲೇ ಅಂಗಡಿಯಲ್ಲಿ ಗಿರಾಕಿಗಳು ಹೆಚ್ಚಾಗುತ್ತಾರೆ ಅಂತ ಅವನ ನಂಬಿಕೆಯಿರಬೇಕು.

ಯಲಬುರ್ಗಾದ ಆ ಮಣ್ಣಿನ ಮಾಳಿಗೆ ಮನೆ ಹಾಡಹಗಲಲ್ಲೂ ಕತ್ತಲೆಯ ಗೂಡು. ಗೋಡೆಗಳು ನನ್ನ ಎರಡು ತೋಳು ಚಾಚಿದಷ್ಟು ದಪ್ಪ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲಿನ ಕೋಲು ಇಳಿದು ಅಡುಗೆಮನೆಯ ನೆಲದ ಮೇಲೆ ನಿಲ್ಲುತ್ತಿತ್ತು, ಅದನ್ನು ಬಿಟ್ಟರೆ ಒಲೆಯ ಉರಿಯೇ ಬೆಳಕು. ಹೊರಗಿನಿಂದ ಬಂದವರು ಹೊಸ್ತಿಲು ದಾಟಿದ ಮೇಲೆ ಸ್ವಲ್ಪ ಹೊತ್ತು ಕಣ್ಣುಜ್ಜಿಕೊಂಡು ನಿಂತಿರಬೇಕಾಗುತ್ತಿತ್ತು. ಆ ಕತ್ತಲೆಯಲ್ಲಿ ನಮ್ಮವ್ವ ಒಬ್ಬಳೇ ಸರಾಗ ಓಡಾಡುತ್ತಿದ್ದಳು. ಯಾವ ಗಡಿಗೆಯಲ್ಲಿ ಯಾವ ಬೇಳೆ, ಯಾವ ಮೊಳೆಗೆ ಯಾವ ಜರಡಿ, ಎಲ್ಲ ಅವಳ ಬೆರಳ ತುದಿಯಲ್ಲಿ. ರೊಟ್ಟಿ ಬಡಿಯಲು ಕೂತರೆ ಒಂದೇ ತಾಳ, ಒಂದೇ ದುಂಡು. ಅಪ್ಪ ಕೊಪ್ಪಳದಿಂದ ಹೊಸ ಬಟ್ಟೆಯ ಗಂಟು ತಂದರೆ ಮೊದಲು ಅವ್ವನ ಮುಂದೆ ಬಿಚ್ಚುತ್ತಿದ್ದ. ಅವಳು ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ಇದು ತಾಳುತ್ತದೆ, ಇದು ತಾಳುವುದಿಲ್ಲ ಅಂತ ಹೇಳಿಬಿಡುತ್ತಿದ್ದಳು. ಪಾರವ್ವ ಅಂದರೆ ಮೈಯೆಲ್ಲ ಕಣ್ಣು ಅಂತ ಓಣಿಯ ಹೆಂಗಸರು ಅನ್ನುತ್ತಿದ್ದರು. ಅದೇ ಬಾಯಲ್ಲಿ ಅವಳನ್ನು ಸೊಕ್ಕಿನಾಕಿ ಅಂತಲೂ ಕರೆಯುತ್ತಿದ್ದರು. ಎದುರಿಗೆ ಬಂದವರನ್ನು ಮಾತಾಡಿಸುವುದಿಲ್ಲ, ನಕ್ಕರೆ ನಗುವುದಿಲ್ಲ, ತಲೆಯೆತ್ತಿ ನೆಟ್ಟಗೆ ನಡೆದುಬಿಡುತ್ತಾಳೆ, ಕುಷ್ಟಗಿಯ ದೊಡ್ಡ ಮನೆತನದ ಮಗಳೆಂಬ ಠೇಂಕಾರ ಅಂತ. ಹಾಗೆ ಅನ್ನಿಸಿಕೊಂಡವಳ ಮಗಳಾಗಿ ನನಗೂ ಒಂದಿಷ್ಟು ಠೇಂಕಾರ ಬಂದಿತ್ತು, ಸುಳ್ಳೇಕೆ ಹೇಳಲಿ.

ಆ ಠೇಂಕಾರ ಇಳಿದದ್ದು ಒಂದು ಹೋಳಿ ಹುಣ್ಣಿಮೆಯ ಮರುದಿನ. ಬಣ್ಣವಾಡಲು ಹೋಗಕೂಡದೆಂದು ಅವ್ವ ಖಡಕ್ಕಾಗಿ ಹೇಳಿದ್ದಳು. ನಾನು ಹೋಗಿದ್ದೆ. ಹಣೆಯಿಂದ ಗದ್ದದವರೆಗೆ ನೀಲಿ ಒಣಗಿ ಬಿಗಿದಿತ್ತು. ಬೆನ್ನಿಗೆ ಬೀಳುವ ಏಟುಗಳನ್ನು ಎಣಿಸಿಕೊಳ್ಳುತ್ತ ಹಿತ್ತಲ ಬಾಗಿಲಿಂದ ಒಳಗೆ ಬಂದೆ. ಅವ್ವ ಬೆಳಕಿಂಡಿಯ ಕೆಳಗೇ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಕಾಲಿನ ಸಪ್ಪಳಕ್ಕೆ ಮುಖವೆತ್ತಿ ನನ್ನ ಕಡೆಗೇ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಓಣ್ಯಾಗಿನ ಹುಡುಗೂರೆಲ್ಲಾ ಮಂಗ್ಯಾನಂಗ ಆಗ್ಯಾವಂತ. ನೀ ಒಬ್ಬಾಕಿ ನನ್ನ ಮಾತ ಕೇಳಿದಿ ನೋಡ. ಬಾ, ಉಣ್ಣು ಬಾ.”

ಮೊದಲು ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಆದರೆ ಅವಳ ಮುಖದಲ್ಲಿ ಕಳ್ಳನಗೆ ಇರಲಿಲ್ಲ. ನಾನು ಹತ್ತಿರ ಹೋಗಿ ನಾಲಗೆ ಚಾಚಿದೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು. ಕಲ್ಲುಗಳನ್ನು ಬೆರಳಿನಿಂದ ಹುಡುಕಿ ತೆಗೆಯುತ್ತಿದ್ದಾಳೆ ಎಂಬುದು ಅವತ್ತು ಮೊದಲ ಸಲ ಕಂಡಿತು. ನನಗೆ ಅಳು ಒತ್ತರಿಸಿ ಬಂತು. ಅಳುವ ಸದ್ದಿಗೆ ಅವಳ ಕೈ ನಿಂತಿತು. ಕೈ ಚಾಚಿ ನನ್ನ ಮುಖ ಮುಟ್ಟಿದಳು, ಒಣಗಿದ ಬಣ್ಣದ ಹಕ್ಕಳೆ ಬೆರಳಿಗೆ ಹತ್ತಿತು. ಅದನ್ನು ಮೂಸಿ ನೋಡಿದಳು. ಆಮೇಲೆ ಹೊಡೆಯಲಿಲ್ಲ. ನನ್ನನ್ನು ಎಳೆದು ಮಡಿಲಲ್ಲಿ ಕೂಡಿಸಿಕೊಂಡು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು.

“ಬೆಳಕ ಕತ್ತಲಿ ಗೊತ್ತಾಕ್ಕೈತಿ ನೀಲಾ. ಮಂದಿ ಹೊಗಿಯಂಗ ಕಾಣ್ತಾರ. ಮುಖ ಕಾಣೂದಿಲ್ಲ. ಯಾರ ಮುಂದೂ ಅನಬ್ಯಾಡ. ನಿಮ್ಮಪ್ಪನ ಮುಂದೂ.”

“ಯಾಕವ್ವ?”

“ನಿನಗ ಇನ್ನೊಬ್ಬಾಕಿ ಅವ್ವ ಬರ್ತಾಳ.”

ಅದು ಬರಿ ಹೆದರಿಕೆಯ ಮಾತಾಗಿರಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಉಳಿದಿರಲಿಲ್ಲ. ಆ ಬಾಣಂತನದ ಜ್ವರದಲ್ಲೇ ಅವಳ ಕಣ್ಣುಗಳು ಆರತೊಡಗಿದ್ದು. ಗಂಡುಮಗುವಿಲ್ಲದ ಮಗನಿಗೆ ಇನ್ನೊಂದು ಹೆಣ್ಣು ತರಬೇಕೆಂದು ಆಯಿ ಆಗಲೇ ಕೊಪ್ಪಳದ ಕಡೆಗೆ ಮಾತು ಹಾಕಿದ್ದಳು. ಹೆಂಡತಿ ಗಟ್ಟಿಮುಟ್ಟಾಗಿದ್ದಾಳೆ, ಮನೆ ತೂಗಿಸುತ್ತಾಳೆ ಎಂಬ ಒಂದೇ ಕಾರಣಕ್ಕೆ ಅಪ್ಪ ಅದನ್ನು ಮುಂದೂಡುತ್ತಿದ್ದ. ಕುರುಡಿ ಅಂತ ಗೊತ್ತಾದರೆ ಆ ಕಾರಣವೂ ಹೋಗುತ್ತಿತ್ತು. ಕುಷ್ಟಗಿಗೆ ಗಾಡಿ ಕಟ್ಟಿಸಿ ಅವಳನ್ನು ತವರಿಗೆ ಕಳಿಸಿದ್ದರೆ ತಪ್ಪು ಅನ್ನುವವರು ಆ ಕಾಲದ ನಮ್ಮ ಊರಲ್ಲಿ ಯಾರೂ ಇರಲಿಲ್ಲ.

ಅಂದಿನಿಂದ ನನ್ನ ಆಟ ಮುಗಿಯಿತು. ಯಾರಾದರೂ ಒಳಗೆ ಬಂದರೆ ಓಡಿಹೋಗಿ, “ಬರ್ರಿ ದೊಡ್ಡವ್ವಾರ, ಭಾಳ ದಿನಕ್ಕ ಬಂದ್ರಿ” ಅಂತ ಹೆಸರೆತ್ತಿ ಕೂಗುತ್ತಿದ್ದೆ. ನಡೆಯುವ ದಾರಿಯಲ್ಲಿ ಬುಟ್ಟಿ, ಮಣೆ ಬಿದ್ದಿದ್ದರೆ ಎತ್ತಿಡುತ್ತಿದ್ದೆ. ಊಟಕ್ಕೆ ಕೂತಲ್ಲಿಂದ ನಡುವೆ ಎದ್ದು ಹೋಗಿ ತಂಬಿಗೆ ನೋಡಿ ಬರುತ್ತಿದ್ದೆ. “ಈ ಹುಡುಗಿ ಕುಂಡಿಗೆ ಚಕ್ರ ಐತಿ” ಅಂತ ಆಯಿ ಬೈಯುತ್ತಿದ್ದಳು. ಅವ್ವನ ಜಗಳಗಳು ಈಗ ನನಗೆ ಬೇರೆಯಾಗಿ ಕೇಳುತ್ತಿದ್ದವು. ಅವಳು ಕೂಗುತ್ತಿದ್ದುದು ಸಿಟ್ಟಿಗಲ್ಲ, ದಿಗಿಲಿಗೆ. ಜನರನ್ನು ಅವಳು ಬಳೆಯ ಸಪ್ಪಳದಿಂದ ಗುರುತಿಸುತ್ತಿದ್ದಳು. ಆಯಿಯ ಬೆಳ್ಳಿ ಕಡಗ ಒಂದಕ್ಕೊಂದು ಬಡಿದು ಮಂದವಾಗಿ ಸದ್ದು ಮಾಡುತ್ತಿತ್ತು. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೈತುಂಬ ಸಣ್ಣ ಗಾಜಿನ ಬಳೆ ಇಟ್ಟುಕೊಳ್ಳುವವಳು. ಎದುರು ಮನೆಯ ದೊಡ್ಡವ್ವನದು ಬಂಗಾರದ ಬಿಲ್ವಾರ ಬಳೆ. ಗಂಗತ್ತೆಯ ಕೈ ಮಾತ್ರ ಖಾಲಿ. ಅವಳು ಬರಿಗಾಲಲ್ಲಿ, ಬರಿಗೈಯಲ್ಲಿ ಬೆಕ್ಕು ಬಂದಂತೆ ಬರುತ್ತಿದ್ದಳು. ಮನೆಯಲ್ಲಿ ಅವ್ವ ನಿಜಕ್ಕೂ ಹೆದರುತ್ತಿದ್ದುದು ಅವಳೊಬ್ಬಳಿಗೆ. ಮನೆಯವರೆಲ್ಲ ಅದನ್ನು ಅತ್ತಿಗೆ-ನಾದಿನಿಯರ ಹಗೆ ಅಂದುಕೊಂಡಿದ್ದರು. ಗಂಗತ್ತೆಯೂ ಹಾಗೇ ಅಂದುಕೊಂಡಿದ್ದಳು.

ಚಿಗವ್ವ ಬಸುರಿಯಾದಳು. ಮನೆಯಲ್ಲಿ ಕುಪ್ಪಸದ ಕಾರ್ಯ ಇಟ್ಟುಕೊಂಡರು. ಬಸುರಿಯನ್ನು ಹಸಿರು ಸೀರೆಯಲ್ಲಿ ಕೂಡಿಸಿ, ಉಡಿ ತುಂಬಿ, ಬಂದ ಮುತ್ತೈದೆಯರಿಗೆಲ್ಲ ಅರಿಷಿಣ ಕುಂಕುಮ ಕೊಡುವ ಸಡಗರ. ಕುಂಕುಮ ಹಚ್ಚುವ ಕೆಲಸ ಹಿರಿಸೊಸೆಯದು. ನೆಪ ಹೇಳಿ ತಪ್ಪಿಸಿಕೊಳ್ಳಲು ಅವ್ವನಿಗೆ ದಾರಿಯೇ ಇರಲಿಲ್ಲ. ಹಿಂದಿನ ದಿನವೆಲ್ಲ ನನ್ನನ್ನು ಎದುರಿಗೆ ಕೂಡಿಸಿಕೊಂಡು ನನ್ನ ಹಣೆಯ ಮೇಲೆ ಅಭ್ಯಾಸ ಮಾಡಿದಳು. ಎಡಗೈ ಗದ್ದಕ್ಕೆ, ಬಲಗೈಯ ಬೆರಳು ಹುಬ್ಬಿನ ನಡುವಿಗೆ. ನಾನು ಪಕ್ಕದಲ್ಲಿ ಅರಿಷಿಣದ ಬಟ್ಟಲು ಹಿಡಿದು ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುವುದು ಅಂತ ಒಪ್ಪಂದವಾಯಿತು. ಗಂಗತ್ತೆ ಬೆಳಕು ಹರಿಯುವ ಮೊದಲೇ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸತೊಡಗಿದ್ದಳು. ಅವಳು ಪಡಸಾಲೆಗೆ ಬರುವ ಹಾಗಿರಲಿಲ್ಲ. ಹಾಗಂತ ಯಾರೂ ಹೇಳಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಯಾವ ಮನೆಯಲ್ಲೂ ಇರಲಿಲ್ಲ.

ಎಲ್ಲ ಸುಸೂತ್ರ ನಡೆದಿತ್ತು. ನಾನು ಕೂಗುತ್ತಿದ್ದೆ, ಅವ್ವ ಹಚ್ಚುತ್ತಿದ್ದಳು. ಅವಳ ಇಳಕಲ್ ಸೀರೆಯನ್ನೂ, ನೆಟ್ಟಗೆ ಹಿಡಿದ ಕತ್ತನ್ನೂ ನೋಡಿ ಒಬ್ಬಿಬ್ಬರು ಮೊಣಕೈ ತಿವಿದುಕೊಂಡದ್ದೂ ನನಗೆ ಕಂಡಿತು. ಅಷ್ಟರಲ್ಲಿ ಆಯಿ ನನ್ನನ್ನು ಎಲೆಯ ಬುಟ್ಟಿ ತಾ ಅಂತ ದೇವರಮನೆಗೆ ಅಟ್ಟಿದಳು. ನಾನು ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಬರುವಾಗ, ಉಡಿ ತುಂಬುವ ಅಕ್ಕಿಯ ತಟ್ಟೆ ಒಳಗೇ ಉಳಿದಿದೆ ಅಂತ ಗಂಗತ್ತೆ ಅದನ್ನು ಹಿಡಿದು ಅಡುಗೆಮನೆಯಿಂದ ಬಂದಿದ್ದಳು. ತಟ್ಟೆ ಅವ್ವನ ಕೈಗಿಟ್ಟು ಹಿಂದಿರುಗಬೇಕೆಂದು ಅವಳೆದುರು ಬಗ್ಗಿದಳು. ಅವಳ ಬೆನ್ನ ಹಿಂದೆಯೇ ಎದುರು ಮನೆಯ ದೊಡ್ಡವ್ವ ಸರದಿಗೆ ನಿಂತಿದ್ದಳು. ಆಕೆಯ ಬಿಲ್ವಾರ ಗಲ್ಲೆಂದವು. ಅವ್ವ ಕೈ ಚಾಚಿದಳು. ಎಡಗೈ ಗದ್ದ ಹಿಡಿಯಿತು. ಬೆರಳು ಹುಬ್ಬಿಗೆ ತಾಗಿ, ಒಂದಿಷ್ಟು ತಡವರಿಸಿ, ಮೇಲೇರಿ ಹಣೆಯ ನಡುವೆ ದುಂಡಗೆ ಕುಂಕುಮ ಇಟ್ಟಿತು.

ಹೆಸರು ಕೂಗಬೇಕಾದ ನಾನು ಇನ್ನೂ ಬಾಗಿಲಲ್ಲೇ ಇದ್ದೆ. ಪಡಸಾಲೆಯಲ್ಲಿ ಒಂದು ಬಳೆಯೂ ಅಲುಗಲಿಲ್ಲ. ಬಳೆಗಳು ನಿಂತಿದ್ದರಿಂದ ಅವ್ವ ದಿಕ್ಕುಗೆಟ್ಟಳು. ಏನೋ ಆಗಿದೆ ಅಂತ ಅವಳಿಗೆ ತಿಳಿಯಿತು, ಏನು ಅಂತ ತಿಳಿಯಲಿಲ್ಲ. ಕುಂಕುಮದ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ಮುಖವನ್ನು ಅತ್ತ ಇತ್ತ ತಿರುಗಿಸಿದಳು. ಆಯಿ ಎದೆ ಬಡಿದುಕೊಂಡು ಎದ್ದಳು.

“ಅಯ್ಯ ಶಿವನ! ನನ್ನ ಮಗಳ ಹಣಿಮ್ಯಾಗ ಕುಂಕುಮ ಹಚ್ಚಿದಿಯಲ್ಲ ಪಾರವ್ವ! ಮಂದಿ ಮುಂದ ಆಕಿನ್ನ ಅಣಕಿಸ್ತೀಯೇನ? ಕಣ್ಣ ಕುರುಡಾಗ್ಯಾವೇನ ನಿನಗ?”

ಬೈಗುಳದ ಭರದಲ್ಲಿ ಆಯಿ ನಿಜವನ್ನೇ ಆಡಿಬಿಟ್ಟಿದ್ದಳು. ಹೌದು ಅಂದರೆ ಆ ಗಳಿಗೆಯಲ್ಲಿ ಎಲ್ಲ ತಪ್ಪು ಮಾಫಿಯಾಗುತ್ತಿತ್ತು, ಆ ಗಳಿಗೆಯಲ್ಲೇ ಎಲ್ಲ ಮುಗಿದೂ ಹೋಗುತ್ತಿತ್ತು. ಅವ್ವ ಕತ್ತು ನೆಟ್ಟಗೆ ಮಾಡಿದಳು.

“ಕಣ್ಣ ನೆಟ್ಟಗದಾವ ಅತ್ತಿ. ತಿಳದ ಹಚ್ಚೀನಿ. ಮುಂಜಾನಿಂದ ಒಲಿ ಮುಂದ ಕುಂತು ಹೋಳಿಗಿ ಮಾಡ್ಯಾಳ. ಹೋಳಿಗಿ ಆಕಿ ಕೈಲೆ ಆಗಬೇಕು, ಆಕಿ ಹಣಿಗೆ ಒಂದ ಬೊಟ್ಟ ಆಗಬಾರದೇನ?”

ಒಬ್ಬಳು ಸೆರಗು ಸರಿಮಾಡಿಕೊಂಡು ಹೊರಟಳು, ಅವಳ ಹಿಂದೆ ಇನ್ನಿಬ್ಬರು. ಬಸುರಿ ಚಿಗವ್ವ ಹಸಿರು ಸೀರೆಯಲ್ಲಿ ಅಳತೊಡಗಿದಳು. ಗದ್ದಲ ಕೇಳಿ ಅಪ್ಪ ಹೊರಕಟ್ಟೆಯಿಂದ ಬಂದು ಬಾಗಿಲಲ್ಲಿ ನಿಂತ. ಆಯಿ ಅವನ ಕಡೆ ತಿರುಗಿ, “ನಾಳೆ ಗಾಡಿ ಕಟ್ಟಸು. ಈ ಸೊಕ್ಕಿನಾಕಿನ್ನ ಕುಷ್ಟಗಿಗೆ ಬಿಟ್ಟ ಬಾ” ಅಂದಳು. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ಆಗ ಇಷ್ಟು ಹೊತ್ತೂ ತಟ್ಟೆ ಹಿಡಿದು ಬಗ್ಗಿದಂತೆಯೇ ಇದ್ದ ಗಂಗತ್ತೆ ನೆಟ್ಟಗಾದಳು. ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು.

“ಯವ್ವಾ, ವೈನಿಗೆ ಏನೂ ಅನಬ್ಯಾಡ. ನಾನ ಹಚ್ಚಂತ ಕೇಳಿದ್ದೆ.”

ಆಯಿ ಅಲ್ಲೇ ಕುಸಿದು ಕೂತಳು. ಮಗಳೇ ಬೇಡಿ ಹಚ್ಚಿಸಿಕೊಂಡಳು ಅಂದ ಮೇಲೆ ಸೊಸೆಗೆ ಏನಂತ ಶಿಕ್ಷೆ ಕೊಡುವುದು? ಗಾಡಿ ಕಟ್ಟುವ ಮಾತು ಅಲ್ಲಿಗೇ ನಿಂತಿತು. ಗಂಗತ್ತೆ ತಟ್ಟೆ ಕೆಳಗಿಟ್ಟು ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ದನಗಳಿಗೆ ನೀರಿಡುವ ಕಲ್ಲಿನ ಬಾನಿಯ ಮೇಲೆ ಬಗ್ಗಿ ಅವಳು ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ನೀರು ಅಲುಗದಿರಲಿ ಅಂತ ಉಸಿರು ಹಿಡಿದಿದ್ದಳು. ಆಮೇಲೆ ಸೆರಗಿನ ತುದಿ ಅದ್ದಿ ತಾನೇ ಒರೆಸಿಕೊಂಡಳು.

ಮುಂದೆ ಕೆಲವು ದಿನ ಮನೆಯಲ್ಲಿ ಜಗಳವೇ ಇರಲಿಲ್ಲ, ಅದು ಜಗಳಕ್ಕಿಂತ ಕಷ್ಟವಾಗಿತ್ತು. ಓಣಿಯಲ್ಲಿ ಮಾತ್ರ ದಿನಕ್ಕೊಂದು ಕತೆ. ಪಾರವ್ವನ ಸೊಕ್ಕು ಈಗ ದೇವರನ್ನೂ ಮೀರಿತು ಅನ್ನುವವರು ಕೆಲವರು, ಎದೆಗಾರಿಕೆ ಅಂದರೆ ಹೀಗಿರಬೇಕು ಅಂತ ಮೆಲ್ಲಗೆ ಅನ್ನುವವರು ಕೆಲವರು. ಎರಡೂ ಮಾತನ್ನು ಅವ್ವ ಬಾಯಿಮುಚ್ಚಿ ನುಂಗಿದಳು. ಒಂದು ಮಧ್ಯಾಹ್ನ ಆಯಿ ಮಲಗಿದ್ದಾಗ ನನ್ನನ್ನು ಅಡುಗೆಮನೆಗೆ ಕರೆದು, ಒಲೆಯ ಬೂದಿ ಕೆದಕುತ್ತ ಕೇಳಿದಳು.

“ನೀಲಾ, ಅವತ್ತ ನಿಮ್ಮತ್ತಿ ಮುಖ ಹೆಂಗಿತ್ತು? ಸಿಟ್ಟಾಗಿದ್ದಳೇನು? ಅತ್ತಳೇನು? ಬೊಟ್ಟ ಹೆಂಗ ಕಾಣತಿತ್ತು?”

ಗಂಗತ್ತೆ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಅವ್ವನಿಗೆ ಗೊತ್ತಾಗಿರಲಿಲ್ಲ. ಗಂಗತ್ತೆ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತು, ಬೂದಿ ಮೆತ್ತಿದ ಆ ಕೈಯನ್ನು ಹಿಡಿದು ತನ್ನ ಹಣೆಯ ಮೇಲೆ ಇಟ್ಟುಕೊಂಡಳು. ಅವ್ವ ಬೆಚ್ಚಿ ಕೈ ಎಳೆದುಕೊಳ್ಳಲು ನೋಡಿದಳು, ಗಂಗತ್ತೆ ಬಿಡಲಿಲ್ಲ.

“ನಿನ್ನ ಬೆರಳ ನನ್ನ ಹಣಿ ಹುಡುಕಿತು ವೈನಿ. ಕಣ್ಣಿದ್ದಾಕಿ ಹುಡುಕೂದಿಲ್ಲ. ಅವತ್ತ ಗೊತ್ತಾತು. ಇಷ್ಟ ವರ್ಷ ತಂಬಿಗಿ ಸಲುವಾಗಿ ನಿನ್ನ ಕೂಡ ಬಡದಾಡಿದೆನಲ್ಲ, ನನ್ನ ಬುದ್ಧಿಗೆ ಏನ ಹೇಳಲಿ.”

ಅವ್ವ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳುತ್ತಲೇ ಅವಳು ಅಂದಳು: “ತಿಳದ ಹಚ್ಚಿದ್ದಲ್ಲ ಗಂಗಾ. ತಪ್ಪಿ ಹಚ್ಚಿದ್ದು. ಮಂದಿ ಮುಂದ ಸುಳ್ಳ ಹೇಳಿದೆ.”

“ಗೊತ್ತೈತಿ” ಅಂದಳು ಗಂಗತ್ತೆ. ಆ ಒಂದು ಮಾತಿನಲ್ಲಿ ಅವಳ ದನಿ ಬಹಳ ಸಣ್ಣದಾಗಿತ್ತು. ತನಗಾಗಿ ಒಬ್ಬಳು ಬೇಕೆಂದೇ ಕುಂಕುಮ ಹಚ್ಚಿದಳು ಅಂತ ಅವಳೂ ಒಂದು ಗಳಿಗೆ ನಂಬಿದ್ದಿರಬೇಕು, ಆ ಗಳಿಗೆ ಎಷ್ಟು ಸಿಹಿಯಾಗಿತ್ತೋ. ಅವ್ವ ಕಣ್ಣೊರೆಸಿಕೊಂಡು ನನಗೆ ದೇವರಮನೆಯಿಂದ ಕುಂಕುಮದ ಭರಣಿ ತರಲು ಹೇಳಿದಳು. ಭರಣಿ ತಂದೆ. ಈ ಸಲ ಬೆರಳು ಹುಡುಕಲಿಲ್ಲ. ಹಣೆ ಎಲ್ಲಿದೆ, ಯಾರದು ಅಂತ ಅದಕ್ಕೆ ಗೊತ್ತಿತ್ತು.

“ಈಗ ತಿಳದ ಹಚ್ಚೀನಿ.”

ಗಂಗತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಪಡಸಾಲೆಯಲ್ಲಿ ಆಯಿಯ ಕಡಗ ಸದ್ದು ಮಾಡಿತು. ಗಂಗತ್ತೆ ಎದ್ದು, ಸೆರಗಿನಿಂದ ಹಣೆ ಒರೆಸಿಕೊಂಡು, ಕೊಡದ ಬಲಕ್ಕೆ ತಂಬಿಗೆ ಇಟ್ಟು, ಕೇಳುವ ಹಾಗೆ ಅದನ್ನು ಬೆರಳಿಂದ ಒಮ್ಮೆ ಬಾರಿಸಿ ಹೊರಗೆ ಹೋದಳು.

ಆಮೇಲೆ ತಂಬಿಗೆ ಎಂದೂ ಎಡಕ್ಕೆ ಹೋಗಲಿಲ್ಲ. ಆಯಿ ಬದುಕಿರುವವರೆಗೂ ಅವ್ವನ ಕಣ್ಣಿನ ಸಂಗತಿ ಹೊರಬೀಳಲಿಲ್ಲ, ಕೊಪ್ಪಳದ ಹೆಣ್ಣು ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪನಿಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ಒಮ್ಮೆ ಅವನು ತನ್ನ ಚಪ್ಪಲಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸಿಟ್ಟು, ಯಾರೂ ನೋಡಲಿಲ್ಲವಷ್ಟೇ ಅಂತ ಸುತ್ತ ನೋಡಿದ್ದು ಮಾತ್ರ ನೆನಪಿದೆ. ಆಯಿ ಬೈಯುತ್ತಿದ್ದ ನನ್ನ ಕುಂಡಿಯ ಚಕ್ರವೂ ನಿಂತಿಲ್ಲ. ಇವತ್ತಿಗೂ ಯಾರ ಮನೆಗೆ ಹೋದರೂ ನಾನು ನಡುದಾರಿಯಲ್ಲಿ ಬಿದ್ದ ಮಣೆಯನ್ನು ಎತ್ತಿಡುತ್ತೇನೆ. ಒಬ್ಬರನ್ನು ಸೊಕ್ಕಿನವರು ಅಂತ ಯಾರಾದರೂ ತೋರಿಸಿದರೆ ಮೊದಲು ಅವರ ಕಣ್ಣು ನೋಡುತ್ತೇನೆ.

ಊರಿಗೆ ಮಾತ್ರ ಹೊಸ ಮಾತು ಸಿಕ್ಕಿತ್ತು. ಕುಪ್ಪಸದ ಕಾರ್ಯ ಕಳೆದ ಸ್ವಲ್ಪ ದಿನಕ್ಕೆ ಗಂಗತ್ತೆ ಸೊಂಟಕ್ಕೆ ಒಂದು ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡತೊಡಗಿದಳು. ಹೆಜ್ಜೆ ಹೆಜ್ಜೆಗೂ ಝಣಝಣ. “ನೋಡ್ರಿ, ಕುಂಕುಮ ಹಚ್ಚಿಸಿಕೊಂಡ ಮ್ಯಾಲೆ ಈಕಿಗೂ ಸೊಕ್ಕ ಬಂತು, ಮನಿ ಯಜಮಾನಿಕಿನ ಕಸಗೊಂಡ್ಲು” ಅಂತ ಓಣಿಯವರು ಆಡಿಕೊಂಡರು. “ಏನ ಭಂಡಾರ ಐತವ್ವ ನಿನ್ನ ಕಡೆ?” ಅಂತ ಆಯಿಯೂ ಹಂಗಿಸಿದಳು. ಗಂಗತ್ತೆ ಝಣಝಣ ಅನ್ನುತ್ತ ಅಡುಗೆಮನೆಗೆ ಹೋದಳು. ಒಳಗೆ ಅವ್ವ ಆ ಸದ್ದಿನ ಕಡೆಗೆ ಮುಖ ತಿರುಗಿಸಿ, “ಬಾ ಗಂಗಾ” ಅಂದಳು. ಹಳೆ ಸಾಮಾನಿನ ಅಂಗಡಿಯಿಂದ ಆರಿಸಿ ತಂದ ಆ ಕೀಲಿಕೈಗಳಿಗೆ ನಮ್ಮ ಮನೆಯಲ್ಲಿ ಒಂದೂ ಬೀಗ ಇರಲಿಲ್ಲ.